ಬೆಂಕಿ ಒಂದು, ಕೆಲಸ ಎರಡು: ಕಬ್ಬಿನ ಸಿಪ್ಪೆಯಿಂದ ಹಬೆಯೂ ಕರೆಂಟೂ



ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆ ಬಯಲಿನಲ್ಲಿ, ಕೃಷ್ಣರಾಜಪೇಟೆಯ ಹೇಮಾವತಿ ಅಚ್ಚುಕಟ್ಟಿನಲ್ಲಿ, ನಾಗಮಂಗಲದ ಕೆರೆ ಕೆಳಗಿನ ಗದ್ದೆಗಳಲ್ಲಿ ಕಬ್ಬು ಬೆಳೆಯುವ ನೀವು ಕಾರ್ಖಾನೆಗೆ ಕಬ್ಬು ಕಳಿಸಿದಾಗ ನಿಮ್ಮ ಕೈಗೆ ಬರುವುದು ಒಂದು ತೂಕದ ಚೀಟಿ. ಆ ತೂಕದಲ್ಲಿ ಸಕ್ಕರೆ ಎಷ್ಟು, ನೀರು ಎಷ್ಟು, ಸಿಪ್ಪೆ ಎಷ್ಟು ಎಂಬುದು ಚೀಟಿಯಲ್ಲಿ ಇರುವುದಿಲ್ಲ. ನಾವು ಹೇಳುತ್ತೇವೆ ಕೇಳಿ. ಒಂದು ಟನ್ ಕಬ್ಬಿನಿಂದ ಚೀಲಕ್ಕೆ ಬೀಳುವ ಸಕ್ಕರೆ ಸುಮಾರು 90 ರಿಂದ 100 ಕಿಲೋ. ಹಿಂಡಿದ ಮೇಲೆ ಉಳಿಯುವ ಹಸಿ ಸಿಪ್ಪೆ 280 ರಿಂದ 300 ಕಿಲೋ. ಅಂದರೆ ಸಕ್ಕರೆಗಿಂತ ಮೂರು ಪಟ್ಟು ಸಿಪ್ಪೆಯನ್ನು ನೀವು ಕಾರ್ಖಾನೆಗೆ ಹೊರಿಸಿ ಕಳಿಸಿರುತ್ತೀರಿ. ಆ ಸಿಪ್ಪೆ ಏನಾಯಿತು, ಅದರಿಂದ ಯಾರಿಗೇನು ಬಂತು ಎಂಬುದೇ ಈ ಹೊತ್ತಿನ ವಿಚಾರ.

ಮೊದಲು ಸಿಪ್ಪೆ ಊರಲ್ಲೇ ಉಳಿಯುತ್ತಿತ್ತು. ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿಯಲ್ಲಿ 1847ರಷ್ಟು ಹಿಂದೆಯೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಹುಟ್ಟಿತ್ತು. ಆದರೆ ಅದು ಕೊಂಡುಕೊಳ್ಳುತ್ತಿದ್ದುದು ಕಬ್ಬನ್ನಲ್ಲ, ರೈತರು ಕಾಯಿಸಿದ ಬೆಲ್ಲವನ್ನು. ಬೆಲ್ಲವನ್ನು ಶುದ್ಧಮಾಡಿ ಸಕ್ಕರೆ ತೆಗೆಯುತ್ತಿದ್ದರು. ಗಾಣ ಹಳ್ಳಿಯಲ್ಲಿ, ಒಲೆ ಹಳ್ಳಿಯಲ್ಲಿ, ಸಿಪ್ಪೆಯೂ ಹಳ್ಳಿಯಲ್ಲಿ. ಕನ್ನಂಬಾಡಿ ಕಟ್ಟೆಯ ನಾಲೆ ಬಂದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದಾಗ ಕಬ್ಬನ್ನೇ ಕೊಳ್ಳುವ ಪದ್ಧತಿ ಬಂತು. ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಆ ಕಾರ್ಖಾನೆಗಾಗಿ ದುಡಿದವರು. ಅಂದಿನಿಂದ ಕಬ್ಬಿನ ಜೊತೆಗೆ ಸಿಪ್ಪೆಯೂ ಊರು ಬಿಟ್ಟು ಹೋಯಿತು. ಹೋದದ್ದು ದಂಡವಾಯಿತೆಂದಲ್ಲ. ಅದು ಅಲ್ಲಿ ಮಾಡುವ ಕೆಲಸ ನಮ್ಮ ಆಲೆಮನೆಯಲ್ಲಿ ಮಾಡುವುದಕ್ಕಿಂತ ಬಹಳ ಹೆಚ್ಚು. ಹೇಗೆಂದು ನೋಡೋಣ.

ಆಲೆಮನೆಯಿಂದಲೇ ಶುರುಮಾಡೋಣ. ಗಾಣದಿಂದ ಬಂದ ಸಿಪ್ಪೆಯನ್ನು ಬಿಸಿಲಿಗೆ ಹರಡಿ ಒಣಗಿಸುತ್ತೀರಿ. ಒಣಗಿದ್ದನ್ನು ಕೊಪ್ಪರಿಗೆಯ ಕೆಳಗಿನ ಒಲೆಗೆ ತುಂಬುತ್ತೀರಿ. ಹಾಲು ಕುದಿಯುತ್ತದೆ, ಮಡ್ಡಿ ತೆಗೆಯುತ್ತೀರಿ, ಪಾಕ ಬರುತ್ತದೆ. ಆ ಕೊಪ್ಪರಿಗೆಯಿಂದ ಮಾಡಿನ ಎತ್ತರಕ್ಕೆ ಏಳುವ ಬಿಳಿ ಹಬೆಯನ್ನು ನೀವೆಲ್ಲ ನೋಡಿದ್ದೀರಿ. ಅದು ಮೋಡದ ಹಾಗೆ ಎದ್ದು ಗಾಳಿಗೆ ಸೇರಿ ಹೋಗುತ್ತದೆ. ಸಿಪ್ಪೆ ಉರಿದ ಶಾಖದ ದೊಡ್ಡ ಪಾಲು ಆ ಹಬೆಯೊಳಗೇ ಕೂತು ಹಾರಿಹೋಗುತ್ತದೆ ಎಂಬುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಹಬೆಯೊಳಗೆ ಶಾಖ ಎಷ್ಟು ಕೂತಿರುತ್ತದೆ ಎಂಬುದು ಅಡಿಗೆ ಮನೆಯ ತಾಯಂದಿರಿಗೆ ಗೊತ್ತು. ಕುದಿಯುವ ನೀರು ಕೈಗೆ ತಾಗಿದರೆ ಸುಡುತ್ತದೆ, ಇಡ್ಲಿ ಪಾತ್ರೆಯ ಹಬೆ ತಾಗಿದರೆ ಇನ್ನೂ ಜೋರಾಗಿ ಸುಡುತ್ತದೆ. ಒಲೆಯ ಮೇಲಿಟ್ಟ ನೀರು ಬೇಗ ಕುದಿಗೆ ಬರುತ್ತದೆ. ಆದರೆ ಅದೇ ನೀರು ಪೂರ್ತಿ ಬತ್ತಿಹೋಗಬೇಕಾದರೆ ಸೌದೆ ಎಷ್ಟು ಬೇಕು! ಲೆಕ್ಕ ಹೀಗಿದೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಕಾಯಿಸಲು ಬೇಕಾದ ಶಾಖವನ್ನು ಒಂದು ಪಾವು ಎಂದು ಇಟ್ಟುಕೊಳ್ಳಿ. 25 ಡಿಗ್ರಿಯಲ್ಲಿರುವ ನೀರು ಕುದಿಗೆ ಬರಲು 75 ಪಾವು ಸಾಕು. ಕುದಿಯುವ ಆ ಒಂದು ಕಿಲೋ ನೀರು ಹಬೆಯಾಗಿ ಏಳುವುದಕ್ಕೆ 540 ಪಾವು ಬೇಕು. ಆ 540 ಪಾವು ಎಲ್ಲೂ ಹೋಗುವುದಿಲ್ಲ. ಹಬೆ ತಣ್ಣನೆಯ ತಾಮ್ರದ ಕೊಳವೆಗೆ ತಾಗಿ ಮತ್ತೆ ನೀರಾದಾಗ, ಪಡೆದದ್ದನ್ನೆಲ್ಲ ಅಲ್ಲಿ ಒಪ್ಪಿಸುತ್ತದೆ.

ಈಗ ಕಾರ್ಖಾನೆಗೆ ಬನ್ನಿ. ಅಲ್ಲಿ ಸಿಪ್ಪೆಯನ್ನು ಬಿಸಿಲಿಗೆ ಹಾಕುವುದಿಲ್ಲ. ಕೊನೆಯ ಗಾಣದ ಉರುಳೆಗಳಿಂದ ಹೊರಬಿದ್ದದ್ದು ಪಟ್ಟಿಯ ಮೇಲೆ ಸಾಗಿ ನೇರವಾಗಿ ಬಾಯ್ಲರಿಗೆ ಹೋಗುತ್ತದೆ. ಆಗ ಅದರಲ್ಲಿ ಅರ್ಧಕ್ಕರ್ಧ ನೀರೇ ಇರುತ್ತದೆ. ಅಷ್ಟು ಹಸಿ ಸಿಪ್ಪೆ ಉರಿಯುತ್ತದೆಯೇ ಅಂತೀರಾ? ದೊಡ್ಡ ಕುಲುಮೆಯಲ್ಲಿ, ಚಿಮಣಿಗೆ ಹೋಗುವ ಬಿಸಿ ಹೊಗೆಯಿಂದಲೇ ಕಾಯಿಸಿದ ಗಾಳಿ ಊದಿದರೆ ಉರಿಯುತ್ತದೆ. ಅರ್ಧಕ್ಕಿಂತ ನೀರು ಹೆಚ್ಚಾದರೆ ಮಾತ್ರ ಬೆಂಕಿ ಮಂಕಾಗುತ್ತದೆ. ಒಂದು ಕಿಲೋ ಸಿಪ್ಪೆಯಿಂದ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು ಹಬೆ ಸಿಗುತ್ತದೆ. ಅಂದರೆ ನಿಮ್ಮ ಒಂದು ಟನ್ ಕಬ್ಬಿನ ಸಿಪ್ಪೆ ಸುಮಾರು 600 ಕಿಲೋ ಹಬೆ ಕೊಡುತ್ತದೆ.

ಈ ಹಬೆಯನ್ನು ಆಲೆಮನೆಯ ಹಾಗೆ ಬಿಡುವುದಿಲ್ಲ. ಬಾಯ್ಲರಿನ ಗಟ್ಟಿ ಕೊಳವೆಗಳಲ್ಲಿ ಅದುಮಿ, 500 ಡಿಗ್ರಿಗೂ ಮೇಲೆ ಕಾಯಿಸಿ, ಟರ್ಬೈನು ಎಂಬ ಚಕ್ರದ ರೆಕ್ಕೆಗಳ ಮೇಲೆ ಬಿಡುತ್ತಾರೆ. ಚಕ್ರ ತಿರುಗುತ್ತದೆ, ಅದಕ್ಕೆ ಕೂಡಿಸಿದ ಯಂತ್ರದಿಂದ ವಿದ್ಯುತ್ ಬರುತ್ತದೆ. ಹಬೆಯ ಬಿರುಸು ಅಲ್ಲಿ ಇಳಿಯುತ್ತದೆ. ಆದರೆ ಅದು ಇನ್ನೂ ಹಬೆಯೇ, ನೀರಾಗಿಲ್ಲ. ಚಕ್ರಕ್ಕೆ ಹೋಗುವಾಗ ಒಂದು ಕಿಲೋ ಹಬೆಯಲ್ಲಿ ಸುಮಾರು 800 ಪಾವು ಶಾಖ ಇದ್ದರೆ, ಚಕ್ರ ತೆಗೆದುಕೊಳ್ಳುವುದು 150 ಪಾವಿನಷ್ಟು. ಮಿಕ್ಕ 650 ಪಾವು ಹಬೆಯ ಜೊತೆಯಲ್ಲೇ ಹೊರಗೆ ಬರುತ್ತದೆ. ಆ ಹಬೆಯಿಂದ ಕಬ್ಬಿನ ಹಾಲು ಕಾಯಿಸುತ್ತಾರೆ. ಇದೇ ಒಂದು ಬೆಂಕಿಯಿಂದ ಎರಡು ಕೆಲಸ. ಇದನ್ನು ಸಹ ವಿದ್ಯುತ್ ಉತ್ಪಾದನೆ ಎನ್ನುತ್ತಾರೆ. ಕಾರ್ಖಾನೆಯವರ ಬಾಯಲ್ಲಿ ಕೋ-ಜನ್.

ಕರೆಂಟು ತೆಗೆದ ಮೇಲೆ ಹಬೆಯಲ್ಲಿ ಸತ್ವ ಉಳಿದೀತೇ ಎಂದು ಕೇಳುವವರುಂಟು. ನಮ್ಮ ಜಿಲ್ಲೆಯ ಶಿವನಸಮುದ್ರವನ್ನು ನೆನೆಯಿರಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಕಾವೇರಿ ಮೇಲಿನಿಂದ ಧುಮುಕಿ ಚಕ್ರ ತಿರುಗಿಸಿತು. ಕೆಳಗೆ ಹರಿದ ಮೇಲೂ ಅದು ಕಾವೇರಿಯೇ, ಗದ್ದೆಗೆ ಹಾಯಿಸಿದರೆ ಪೈರು ಬರುತ್ತದೆ. ಎತ್ತರದಿಂದ ಬೀಳುವ ಬಿರುಸನ್ನಷ್ಟೇ ಚಕ್ರ ತಿಂದದ್ದು. ಹಬೆಯದೂ ಹೆಚ್ಚುಕಡಿಮೆ ಹಾಗೆಯೇ.

ಸಕ್ಕರೆ ಕಾರ್ಖಾನೆಯೇ ಇಲ್ಲದೆ ಬರೀ ಕರೆಂಟಿಗಾಗಿ ಹಬೆ ಮಾಡುವ ಕಡೆ ಏನಾಗುತ್ತದೆ? ಚಕ್ರ ದಾಟಿದ ಹಬೆಯನ್ನು ತಣ್ಣೀರಿನಿಂದ ತಣಿಸಿ ನೀರು ಮಾಡಿ ಮತ್ತೆ ಬಾಯ್ಲರಿಗೆ ಕಳಿಸುತ್ತಾರೆ. ಹಬೆಯೊಳಗಿನ ಅಷ್ಟೂ ಶಾಖ ತಣ್ಣೀರಿಗೆ ಹೋಗಿ, ಅಲ್ಲಿಂದ ಗಾಳಿಗೆ ಹೋಗುತ್ತದೆ. ಉರಿಸಿದ ಇಂಧನದ ಮೂರನೇ ಒಂದು ಪಾಲು ವಿದ್ಯುತ್ತಾದರೆ ಅದೇ ಹೆಚ್ಚು. ಸಕ್ಕರೆ ಕಾರ್ಖಾನೆಯಲ್ಲಿ ಆ ಶಾಖಕ್ಕೆ ಮಾಡಲು ಕೆಲಸ ಕಾದಿರುತ್ತದೆ.

ಎಷ್ಟು ಕೆಲಸವೆಂದರೆ, ಒಂದು ಟನ್ ಕಬ್ಬಿನಿಂದ ಹೆಚ್ಚುಕಡಿಮೆ ಒಂದು ಟನ್ ತೆಳು ಹಾಲು ಬರುತ್ತದೆ. ಹಿಂಡುವಾಗ ಸಿಪ್ಪೆಯ ಮೇಲೆ ಸುರಿದ ಬಿಸಿನೀರೂ ಅದರಲ್ಲಿ ಸೇರಿರುತ್ತದೆ. ಅದು ಗಟ್ಟಿ ಪಾಕವಾಗಬೇಕಾದರೆ ಸುಮಾರು 750 ಕಿಲೋ ನೀರು ಆರಿಹೋಗಬೇಕು. ಒಂದು ಕಿಲೋ ಹಬೆ ಒಂದು ಕಿಲೋ ನೀರನ್ನೇ ಆರಿಸುವುದಾದರೆ ಇರುವ 600 ಕಿಲೋ ಹಬೆ ಇದಕ್ಕೇ ಸಾಲದು. ಅದಕ್ಕೆ ಒಂದು ಉಪಾಯ ಮಾಡಿದ್ದಾರೆ. ನಾಲ್ಕೈದು ಮುಚ್ಚಿದ ಪಾತ್ರೆಗಳನ್ನು ಸಾಲಾಗಿ ಇಟ್ಟು, ಮೊದಲನೆಯ ಪಾತ್ರೆಯ ಹಾಲಿನಿಂದ ಏಳುವ ಹಬೆಯಿಂದ ಎರಡನೆಯದನ್ನು, ಎರಡನೆಯದರ ಹಬೆಯಿಂದ ಮೂರನೆಯದನ್ನು ಕಾಯಿಸುತ್ತಾರೆ. ಮುಂದಿನ ಪಾತ್ರೆಯೊಳಗಿನ ಗಾಳಿಯನ್ನು ಹೀರಿ ಒತ್ತಡ ತಗ್ಗಿಸಿರುವುದರಿಂದ ಅಲ್ಲಿ ಹಾಲು ಕಡಿಮೆ ಬಿಸಿಗೇ ಕುದಿಯುತ್ತದೆ. ಕೊನೆಯ ಪಾತ್ರೆಯಲ್ಲಿ 60 ಡಿಗ್ರಿಯ ಆಸುಪಾಸಿನಲ್ಲೇ ಕುದಿ. ಹೀಗೆ ಒಂದು ಕಿಲೋ ಹಬೆ ನಾಲ್ಕು ಕಿಲೋ ನೀರನ್ನು ಆರಿಸುತ್ತದೆ. ಇದನ್ನು ಕಂಡುಹಿಡಿದವನು ಅಮೆರಿಕದ ಲೂಸಿಯಾನದವನಾದ ನಾರ್ಬರ್ಟ್ ರಿಲ್ಯೂ, 1840ರ ದಶಕದಲ್ಲಿ. ಆಫ್ರಿಕಾ ಮೂಲದ ತಾಯಿಯ ಮಗ. ಅವನ ಕಾಲದಲ್ಲಿ ಅಲ್ಲಿನ ತೋಟಗಳಲ್ಲಿ ಗುಲಾಮರು ಕುದಿಯುವ ಪಾಕವನ್ನು ಒಂದು ಬಾಣಲೆಯಿಂದ ಇನ್ನೊಂದಕ್ಕೆ ಮೊಗೆದು ಹಾಕುತ್ತಾ ಮೈ ಸುಟ್ಟುಕೊಳ್ಳುತ್ತಿದ್ದರು. ಸಕ್ಕರೆಯ ಚರಿತ್ರೆಯಲ್ಲಿ ಇಂಥ ಕಹಿ ಬಹಳ ಇದೆ.

ಎಲ್ಲ ಕೂಡಿ ನೋಡಿದರೆ, ಟನ್ ಕಬ್ಬಿಗೆ 450 ಕಿಲೋ ಆಸುಪಾಸಿನ ಹಬೆಯಿಂದ ಸಕ್ಕರೆ ಕೆಲಸ ಮುಗಿಯುತ್ತದೆ. ಗಾಣ, ಪಂಪು, ದೀಪಗಳಿಗೆ 30 ಯೂನಿಟ್ ಸುಮಾರು ವಿದ್ಯುತ್ ಬೇಕು. ಹಳೆಯ ಕಾಲದ ಬಾಯ್ಲರುಗಳಲ್ಲಿ ಹಬೆಯ ಒತ್ತಡ ಕಡಿಮೆ. ಒಂದು ಯೂನಿಟ್ ವಿದ್ಯುತ್ತಿಗೆ 10 ಕಿಲೋಗೂ ಹೆಚ್ಚು ಹಬೆ ಬೇಕಾಗುತ್ತಿತ್ತು. ಆ ಕಾರ್ಖಾನೆಗಳು ತಮ್ಮ ಹೊಟ್ಟೆಗೆ ತಾವು ಮಾಡಿಕೊಳ್ಳುತ್ತಿದ್ದವು, ಹೊರಗೆ ಕೊಡುವಷ್ಟು ಉಳಿಯುತ್ತಿರಲಿಲ್ಲ. 1990ರ ದಶಕದಿಂದ ಕೇಂದ್ರ ಸರ್ಕಾರ ಉತ್ತೇಜನ ಕೊಟ್ಟ ಮೇಲೆ ಹೆಚ್ಚು ಒತ್ತಡದ ಬಾಯ್ಲರುಗಳು ಬಂದವು. ಈಗ ಯೂನಿಟ್ಟಿಗೆ ಆರು ಕಿಲೋ ಸುಮಾರು ಹಬೆ ಸಾಕು. ತನ್ನ ಖರ್ಚು ಕಳೆದು ಟನ್ ಕಬ್ಬಿಗೆ 80 ರಿಂದ 100 ಯೂನಿಟ್ ಹೊರಗೆ ಕೊಡಲು ಒಳ್ಳೆಯ ಘಟಕಕ್ಕೆ ಸಾಧ್ಯ. ಐದು ಅಶ್ವಶಕ್ತಿಯ ಪಂಪ್‌ಸೆಟ್ಟು ಗಂಟೆಗೆ ಸುಮಾರು ನಾಲ್ಕು ಯೂನಿಟ್ ತಿನ್ನುತ್ತದೆ. ನಿಮ್ಮ ಒಂದು ಟನ್ ಕಬ್ಬಿನ ಸಿಪ್ಪೆ ಇಪ್ಪತ್ತು ಗಂಟೆಗೂ ಹೆಚ್ಚು ಹೊತ್ತು ಒಂದು ಪಂಪು ಓಡಿಸಬಲ್ಲದು.

ನಮ್ಮ ಸೀಮೆಯಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಕೋರಮಂಡಲ್ ಸಕ್ಕರೆ ಕಾರ್ಖಾನೆಯಲ್ಲಿ ಇಂಥ ಘಟಕವಿದೆ. ಹೆಚ್ಚಾದ ವಿದ್ಯುತ್ ತಂತಿಯ ಮೂಲಕ ರಾಜ್ಯದ ಜಾಲಕ್ಕೆ ಸೇರುತ್ತದೆ. ದರವನ್ನು ನಿಗದಿ ಮಾಡುವುದು ವಿದ್ಯುತ್ ನಿಯಂತ್ರಣ ಆಯೋಗ. ಅಲ್ಲಿಂದ ಚಾಮುಂಡೇಶ್ವರಿ ವಿದ್ಯುತ್ ನಿಗಮದ ಕಂಬಗಳ ಮೇಲೆ ಅದು ನಮ್ಮ ಊರಿಗೇ ವಾಪಸು ಬಂದರೂ ಬರಬಹುದು, ಬೆಂಗಳೂರಿನ ದೀಪಕ್ಕೆ ಹೋದರೂ ಹೋಗಬಹುದು. ಕರೆಂಟಿಗೆ ಊರು ಕೇರಿ ಗೊತ್ತಿಲ್ಲ.

ಇದೆಲ್ಲ ಗಾಣ ತಿರುಗುತ್ತಿದ್ದರೆ ಮಾತ್ರ. ಗಾಣ ನಿಂತರೆ ಸಿಪ್ಪೆ ಇಲ್ಲ, ಸಿಪ್ಪೆ ಇಲ್ಲದೆ ಹಬೆ ಇಲ್ಲ, ಹಬೆ ಇಲ್ಲದೆ ಕರೆಂಟೂ ಇಲ್ಲ, ಪಾತ್ರೆಯೊಳಗಿನ ಪಾಕಕ್ಕೆ ಕುದಿಯೂ ಇಲ್ಲ. ಮತ್ತೆ ಶುರುಮಾಡಲು ಕೂಡಿಟ್ಟ ಸಿಪ್ಪೆಯನ್ನೋ ಸೌದೆಯನ್ನೋ ಉರಿಸಬೇಕು, ಹೊರಗಿನ ಕರೆಂಟು ತರಬೇಕು. ಕಾರ್ಖಾನೆ ನಿಂತರೆ ಏನಾಗುತ್ತದೆಂದು ಪಾಂಡವಪುರದವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಅಲ್ಲಿಯ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತುಹೋಗಿ, 2020ರಲ್ಲಿ ನಿರಾಣಿ ಸಂಸ್ಥೆಗೆ 40 ವರ್ಷದ ಗುತ್ತಿಗೆಗೆ ಹೋದ ಮೇಲೆ ಮತ್ತೆ ಕಬ್ಬು ನುರಿಸಿತು. ಮಂಡ್ಯದ ಕಾರ್ಖಾನೆ ಕೂಡ ಹಂಗಾಮು ಹಂಗಾಮೇ ನಿಂತಿದ್ದು 2022ರಲ್ಲಿ ಮತ್ತೆ ಶುರುವಾಯಿತು. ಆ ವರ್ಷಗಳಲ್ಲಿ ಗದ್ದೆಯಲ್ಲಿ ಕಬ್ಬು ಹೂ ಬಿಟ್ಟು ನಿಂತದ್ದನ್ನು, ಗಾಡಿ ಬಾಡಿಗೆ ಕೊಟ್ಟು ದೂರದೂರಿಗೆ ಹೊರಿಸಿದ್ದನ್ನು ನೀವು ಮರೆತಿರಲಾರಿರಿ.

ಒಂದು ಸೂಕ್ಷ್ಮ ವಿಚಾರ ಹೇಳುತ್ತೇವೆ. ಸ್ವಲ್ಪ ನಿಧಾನವಾಗಿ ಓದಿ. ಸಿಪ್ಪೆಯಲ್ಲಿ ಎಷ್ಟು ಹಿಂಡಿದರೂ ಸ್ವಲ್ಪ ಸಕ್ಕರೆ ಉಳಿದೇ ಇರುತ್ತದೆ, ನೂರಕ್ಕೆ ಎರಡರಷ್ಟು. ಅದನ್ನು ತೊಳೆದು ತೆಗೆಯಲೆಂದೇ ಕೊನೆಯ ಗಾಣಗಳಲ್ಲಿ ಬಿಸಿನೀರು ಸುರಿಯುವುದು. ನೀರು ಹೆಚ್ಚು ಸುರಿದರೆ ಸಕ್ಕರೆ ಹೆಚ್ಚು ಬರುತ್ತದೆ, ಆದರೆ ಆ ನೀರನ್ನು ಮತ್ತೆ ಆರಿಸಲು ಹಬೆ ಬೇಕು. ಹಬೆಯನ್ನು ಕರೆಂಟಿಗೆ ಉಳಿಸಬೇಕೆಂದೋ, ಬಾಯ್ಲರು ಸರಿಯಿಲ್ಲವೆಂದೋ ನೀರು ಕಡಿಮೆ ಮಾಡಿದರೆ ಸಕ್ಕರೆ ಸಿಪ್ಪೆಯಲ್ಲೇ ಉಳಿದು ಬೆಂಕಿಗೆ ಹೋಗುತ್ತದೆ. ನೂರಕ್ಕೆ ಎರಡು ಇರುವ ಕಡೆ ಮೂರಾಯಿತು ಅನ್ನಿ. ಟನ್ ಕಬ್ಬಿಗೆ ಮೂರು ಕಿಲೋ ಸಕ್ಕರೆ ಉರಿದುಹೋಯಿತು. ಉರಿಯದಿದ್ದರೆ ಅದರಲ್ಲಿ ಎರಡೂವರೆ ಕಿಲೋ ಚೀಲಕ್ಕೆ ಬೀಳುತ್ತಿತ್ತು.

ಇದು ನಿಮ್ಮ ಜೇಬಿಗೆ ಹೇಗೆ ತಾಗುತ್ತದೆ? ಕೇಂದ್ರ ಸರ್ಕಾರ ಗೊತ್ತುಮಾಡುವ ನ್ಯಾಯಯುತ ಬೆಲೆ, ಅಂದರೆ ಎಫ್.ಆರ್.ಪಿ., ಸಕ್ಕರೆ ಇಳುವರಿಯ ಮೇಲೆ ನಿಂತಿದೆ. 2025-26ರ ಹಂಗಾಮಿಗೆ ನೂರಕ್ಕೆ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ ಎಂದು ಗೊತ್ತುಮಾಡಿದರು. ಇಳುವರಿ 0.1 ಏರಿದರೆ 3 ರೂಪಾಯಿ 46 ಪೈಸೆ ಏರಿಕೆ, ಇಳಿದರೆ ಅಷ್ಟೇ ಇಳಿಕೆ, 9.5ಕ್ಕಿಂತ ಕೆಳಗೆ ಹೋದರೂ 329 ರೂಪಾಯಿ 5 ಪೈಸೆಗಿಂತ ತಗ್ಗಿಸುವಂತಿಲ್ಲ. ಎರಡೂವರೆ ಕಿಲೋ ಎಂದರೆ ಇಳುವರಿಯಲ್ಲಿ 0.25. ಟನ್ನಿಗೆ ಸುಮಾರು 86 ರೂಪಾಯಿಯ ವ್ಯತ್ಯಾಸ. 40 ಟನ್ ಕಳಿಸಿದ ಮನೆಗೆ 3,400 ರೂಪಾಯಿ ಮೀರುತ್ತದೆ. ಇಳುವರಿಯನ್ನು ಇಡೀ ಕಾರ್ಖಾನೆಯ ಸರಾಸರಿಯಾಗಿ ಹಿಡಿಯುತ್ತಾರೆ, ನಿಮ್ಮ ಗದ್ದೆಯದೊಂದನ್ನೇ ಅಲ್ಲ. ಆದ್ದರಿಂದ ಕಾರ್ಖಾನೆಯವರ ಸಭೆಗೆ ಹೋದಾಗ ಇಳುವರಿ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಸಿಪ್ಪೆಯಲ್ಲಿ ಸಕ್ಕರೆ ಎಷ್ಟು ಉಳಿಯಿತು ಎಂದೂ ಕೇಳಿ. ಪ್ರಯೋಗಶಾಲೆಯಲ್ಲಿ ಅದನ್ನು ಅಳೆದು ಬರೆದಿಡುತ್ತಾರೆ.

ನಮ್ಮ ಕಡೆಯಿಂದ ಆಗುವ ಲೋಪವೂ ಇದೆ. ಕಡಿದ ಕಬ್ಬು ಬಿಸಿಲಲ್ಲಿ ಎರಡು ಮೂರು ದಿನ ಬಿದ್ದರೆ ತೂಕ ಹೋಗುತ್ತದೆ, ಸಕ್ಕರೆಯೂ ಒಡೆಯುತ್ತದೆ. ತೂಕ ಬರಲೆಂದು ತರಗು, ಸೋಗೆ, ಬೇರಿನ ಮಣ್ಣು ಸಮೇತ ಕಟ್ಟಿ ಕಳಿಸುವವರಿದ್ದಾರೆ. ಹಾಲಿನಲ್ಲಿ ಹೋದ ಮಣ್ಣು ಮಡ್ಡಿಯಾಗುತ್ತದೆ. ಸಿಪ್ಪೆಯಲ್ಲಿ ಉಳಿದ ಮರಳು ಬಾಯ್ಲರಿಗೆ ಹೋಗಿ ಕೊಳವೆಗಳನ್ನು ಉಜ್ಜಿ ಸವೆಸುತ್ತದೆ. ಕೊಳವೆ ತೂತಾದ ದಿನ ಬಾಯ್ಲರು ನಿಲ್ಲುತ್ತದೆ, ಕಾರ್ಖಾನೆಯ ಅಂಗಳದಲ್ಲಿ ಗಾಡಿಗಳು ಸಾಲುಗಟ್ಟುತ್ತವೆ, ಆ ಸಾಲಿನಲ್ಲಿ ನಿಮ್ಮದೂ ಒಂದು. ತರಗನ್ನು ಗದ್ದೆಯಲ್ಲೇ ಬಿಡಿ. ಎಕರೆಗೆ ಮೂರು ನಾಲ್ಕು ಟನ್ ಬರುವ ತರಗನ್ನು ಬೆಂಕಿ ಇಡದೆ ಕೂಳೆ ಸಾಲುಗಳ ನಡುವೆ ಹರಡಿದರೆ ತೇವ ಉಳಿಯುತ್ತದೆ, ಕಳೆ ಅಡಗುತ್ತದೆ.

ಚಿಮಣಿಯ ಬೂದಿಯ ಮಾತು ಬಿಡುವಂತಿಲ್ಲ. ಸಿಪ್ಪೆ ಹಗುರ, ಅದರ ಬೂದಿ ಇನ್ನೂ ಹಗುರ. ಸರಿಯಾಗಿ ತಡೆಯದಿದ್ದರೆ ಸುತ್ತಲ ಊರಿನಲ್ಲಿ ಒಣಹಾಕಿದ ಬಟ್ಟೆ, ಹಪ್ಪಳ, ದನದ ಮೇವು ಎಲ್ಲದರ ಮೇಲೂ ಕಪ್ಪು ಪುಡಿ ಕೂರುತ್ತದೆ. ನೀರು ಚಿಮುಕಿಸಿ ತಡೆಯುವ, ವಿದ್ಯುತ್ತಿನಿಂದ ಎಳೆದು ಹಿಡಿಯುವ ಸಾಧನಗಳಿವೆ. ಅವನ್ನು ಹಾಕಿ ನಡೆಸುವುದು ಕಾರ್ಖಾನೆಯ ಹೊಣೆ. ಬೂದಿ ಬೀಳುತ್ತಿದ್ದರೆ ಪಂಚಾಯಿತಿಯ ಮೂಲಕ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ಕೊಡಬಹುದು.

ಇನ್ನು ಕರೆಂಟಿನ ದುಡ್ಡು. ಬೆಲೆ ನಿಂತಿರುವುದು ಸಕ್ಕರೆಯ ಮೇಲೆ ಎಂದೆವು. ಸಿಪ್ಪೆಯೂ ನಿಮ್ಮ ಗದ್ದೆಯದೇ ಅಲ್ಲವೇ ಎಂಬ ಪ್ರಶ್ನೆ ಹಳೆಯದು, ನ್ಯಾಯವಾದದ್ದು ಕೂಡ. 2012ರಲ್ಲಿ ಡಾಕ್ಟರ್ ಸಿ. ರಂಗರಾಜನ್ನರ ಸಮಿತಿ ಒಂದು ದಾರಿ ಹೇಳಿತು. ಸಕ್ಕರೆ, ಸಿಪ್ಪೆ, ಕಾಕಂಬಿ, ಮಡ್ಡಿ ಇವುಗಳ ಒಟ್ಟು ಬೆಲೆಯಲ್ಲಿ ನೂರಕ್ಕೆ 70 ಭಾಗ ಬೆಳೆಗಾರನಿಗೆ; ಸಕ್ಕರೆಯೊಂದನ್ನೇ ಹಿಡಿದರೆ 75 ಭಾಗ. ಎಫ್.ಆರ್.ಪಿ.ಯನ್ನು ಮೊದಲು ಕೊಟ್ಟು, ಲೆಕ್ಕದಲ್ಲಿ ಹೆಚ್ಚು ಬಂದರೆ ಆಮೇಲೆ ಕೊಡುವುದು. ಕರ್ನಾಟಕದಲ್ಲಿ 2013ರಲ್ಲಿ ಕಬ್ಬು ಖರೀದಿ ಮತ್ತು ಸರಬರಾಜು ನಿಯಂತ್ರಣದ ಕಾನೂನೇ ಬಂತು. ಇಲ್ಲಿ ಒಂದನ್ನು ಗಮನಿಸಿ: ಸಮಿತಿ ಹಿಡಿದದ್ದು ಸಿಪ್ಪೆಯ ಬೆಲೆಯನ್ನು, ಸಿಪ್ಪೆಯಿಂದ ಮಾಡಿದ ಕರೆಂಟಿನ ಬೆಲೆಯನ್ನಲ್ಲ. ಬಾಯ್ಲರು, ಟರ್ಬೈನುಗಳಿಗೆ ಬಂಡವಾಳ ಹಾಕಿದವರು ನಾವು ಎಂದು ಕಾರ್ಖಾನೆಯವರು ಹೇಳುತ್ತಾರೆ. ಕರೆಂಟನ್ನೂ ಸ್ಪಿರಿಟನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ರೈತ ಸಂಘಟನೆಗಳು ಕೇಳುತ್ತವೆ. ಬಂಡವಾಳಕ್ಕೆ ಬಡ್ಡಿ ಸಿಗಬೇಕು, ನಿಜ. ಆದರೆ ಸಿಪ್ಪೆಗೆ ಕಟ್ಟುವ ಬೆಲೆ ಅದು ಕೊಡುವ ಯೂನಿಟ್ಟುಗಳನ್ನು ನೋಡಿ ಕಟ್ಟಿದ್ದಾಗಿರಬೇಕು, ಕಸದ ಬೆಲೆಯಾಗಬಾರದು ಎಂಬುದು ನಮ್ಮ ಅಭಿಪ್ರಾಯ.

ಕೊಟ್ಟ ಕಬ್ಬಿನ ಹಣದ ವಿಚಾರವಾಗಿ 1966ರ ಕಬ್ಬು ನಿಯಂತ್ರಣ ಆಜ್ಞೆ ಸ್ಪಷ್ಟವಾಗಿದೆ. ಕಬ್ಬು ಒಪ್ಪಿಸಿದ 14 ದಿನದೊಳಗೆ ಹಣ ಕೊಡಬೇಕು; ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಬೇಕು. ಬಡ್ಡಿಯ ಲೆಕ್ಕಕ್ಕೆ ಒಪ್ಪಿಸಿದ ತಾರೀಕು ಬೇಕಾಗುತ್ತದೆ. ಅದು ಇರುವುದು ತೂಕದ ಚೀಟಿಯಲ್ಲಿ. ಹಂಗಾಮು ಮುಗಿದು ಪೂರ್ತಿ ಹಣ ಕೈಗೆ ಬರುವವರೆಗೂ ಎಲ್ಲ ಚೀಟಿಗಳನ್ನೂ ಒಂದು ಕಡೆ ಪಿನ್ನು ಹಾಕಿ ಇಟ್ಟುಕೊಂಡಿರಿ.